ತುಂಬಿದ್ದ ಬಟ್ಟಲು

ಮನೆಗೆ ಮೊದಲು ಬಂದದ್ದು ಒಂದು ಆಮೆ. ಅದು ನಾಲ್ಕು ದಿನ ಬಚ್ಚಲುಮನೆಯ ಮೂಲೆಯಲ್ಲಿ ಪ್ಲಾಸ್ಟಿಕ್ ಟಬ್ಬಿನೊಳಗೆ ತೆಪ್ಪಗೆ ಕೂತಿದ್ದು, ಐದನೆಯ ದಿನ ತನ್ನ ಯಜಮಾನರ ಜೊತೆ ಹೊರಟುಹೋಯಿತು. ಆಮೇಲೆ ಎರಡು ಮೊಲ ಬಂದವು. ಆಮೇಲೆ ಒಂದು ಮುದಿ ಬೆಕ್ಕು ಬಂದು, ನರ್ಸಮ್ಮನ ಕುರ್ಚಿಯನ್ನು ತನಗಾಗಿಯೇ ಮಾಡಿಸಿದ್ದೆಂಬಂತೆ ಒಂದು ವಾರ ಅದರಲ್ಲೇ ಮಲಗಿತು.

"ಇದೇನು ಮನೆಯೋ, ಛತ್ರವೋ?" ಎಂದು ನರ್ಸಮ್ಮ ಮಗನನ್ನು ಕೇಳಿದರು.

"ನನ್ನನ್ನ ಕೇಳ್ಬೇಡಮ್ಮ. ಎಲ್ಲಾ ನಿನ್ನ ಸೊಸೆಯ ತಲೆ," ಎಂದು ಮಗ ತಟ್ಟೆಯಿಂದ ಮುಖ ಎತ್ತದೆ ಹೇಳಿದ.

ನರ್ಸಮ್ಮ ದೊಡ್ಡಾಸ್ಪತ್ರೆಯ ವಾರ್ಡಿನಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತರಾದವರು. ಸಮವಸ್ತ್ರ ಬಿಟ್ಟು ಆರು ವರ್ಷವಾಗಿದ್ದರೂ ಬೀದಿಯವರಿಗೆ ಅವರು ಇನ್ನೂ ನರ್ಸಮ್ಮನೇ. ಹಾಸಿಗೆಯ ಮೇಲಿನ ಚಾದರದಲ್ಲಿ ಒಂದು ಸುಕ್ಕು ಕಂಡರೂ ಅವರಿಗೆ ಸಮಾಧಾನವಿಲ್ಲ. ಅವರ ಕೈಕೆಳಗೆ ಕೆಲಸ ಕಲಿತ ಹುಡುಗಿಯರಿಗೆಲ್ಲ ಒಂದು ಮಾತು ಬಾಯಿಪಾಠವಾಗಿತ್ತು. ತಪ್ಪು ಯಾರಿಂದಲಾದರೂ ಆಗಬಹುದು, ಆದ ಕೂಡಲೇ ಬಾಯಿಬಿಟ್ಟು ಹೇಳಬೇಕು, ಮುಚ್ಚಿಟ್ಟವಳಿಗೆ ಈ ವಾರ್ಡಿನಲ್ಲಿ ಜಾಗವಿಲ್ಲ. ಒಬ್ಬ ಹುಡುಗಿ ಒಬ್ಬರ ಮಾತ್ರೆಯನ್ನು ಇನ್ನೊಬ್ಬರಿಗೆ ಕೊಟ್ಟು ಸುಮ್ಮನಿದ್ದಳೆಂದು ಅವಳು ಎಷ್ಟು ಅತ್ತರೂ ಕೇಳದೆ ವಾರ್ಡಿನಿಂದ ಕಳಿಸಿದ್ದರು. ಆ ಕಥೆಯನ್ನು ಊಟಕ್ಕೆ ಕೂತಾಗ ಹೆಮ್ಮೆಯಿಂದ ಎಷ್ಟೋ ಸಲ ಹೇಳಿದ್ದರು.

ಮಗನದು ಬೀದಿಯ ತಿರುವಿನಲ್ಲಿ ಸಾಕುಪ್ರಾಣಿಗಳ ಅಂಗಡಿ. ಇಬ್ಬರು ಒಳಗೆ ಹೋದರೆ ಮೂರನೆಯವರು ಹೊರಗೆ ಕಾಯಬೇಕು, ಅಷ್ಟೇ ಅಗಲ. ಒಂದು ಗೋಡೆಗೆ ಮೀನಿನ ತೊಟ್ಟಿಗಳು, ಇನ್ನೊಂದಕ್ಕೆ ಕಾಳಿನ ಡಬ್ಬಗಳು, ಬೆಲ್ಟುಗಳು, ತಲೆಗೆ ತಾಗುವಂತೆ ತೂಗುಹಾಕಿದ ಪಂಜರಗಳು. ಹದಿನಾಲ್ಕು ವರ್ಷ ಹೇಗೋ ನಡೆದಿತ್ತು. ಬಸ್ ನಿಲ್ದಾಣದ ಎದುರು ಗಾಜಿನ ಬಾಗಿಲಿನ ದೊಡ್ಡ ಅಂಗಡಿ ಬಂತು. ನಾಯಿಯ ಆಹಾರದ ಚೀಲ ಮಗನಿಗೆ ಬೀಳುವ ಬೆಲೆಗಿಂತ ಅಗ್ಗಕ್ಕೆ ಅಲ್ಲಿ ಸಿಗತೊಡಗಿದ ಮೇಲೆ ಅವನು ನೊಣ ಹೊಡೆಯುತ್ತಾ ಕೂರುವಂತಾಯಿತು. ಆಗ ಸೊಸೆ ಹಲ್ಲಿನ ಡಾಕ್ಟರರ ಕ್ಲಿನಿಕ್ಕಿನ ಕೆಲಸ ಬಿಟ್ಟು ಅಂಗಡಿಗೆ ಬಂದಳು.

"ಚೀಲ ಮಾರೋದ್ರಲ್ಲಿ ಅವರನ್ನ ಗೆಲ್ಲೋಕಾಗಲ್ಲ," ಎಂದಳು. "ಆದ್ರೆ ಯಾರ ನಾಯಿಗೆ ಯಾವ ಕಾಲು ನೋವು ಅಂತ ಅವರಿಗೆ ಗೊತ್ತಿಲ್ಲ. ನಮಗೆ ಗೊತ್ತಿರ್ಬೇಕು."

ಅಂಗಡಿಯಿಂದ ಒಂದು ಪ್ರಾಣಿ ಹೋದರೆ ಮೂರನೆಯ ದಿನ ಅವಳು ಫೋನು ಮಾಡಿ, "ತಿಂತಾ ಇದೆಯಾ? ಆಟ ಆಡುತ್ತಾ?" ಎಂದು ವಿಚಾರಿಸುತ್ತಿದ್ದಳು. ಮೆಟ್ಟಿಲು ಹತ್ತಿಳಿಯಲಾರದವರ ಮನೆಗೆ ತಾನೇ ಚೀಲ ಹೊತ್ತುಕೊಂಡು ಹೋಗುತ್ತಿದ್ದಳು. ಶನಿವಾರ ಬಂದರೆ ಬೆಕ್ಕು ನಾಯಿಗಳ ಉಗುರು ಕತ್ತರಿಸಿಕೊಡುತ್ತಿದ್ದಳು. ಮೊಮ್ಮಗಳು ಬಿಡಿಸಿದ ಪಂಜದ ಚಿತ್ರವಿಟ್ಟು ಒಂದು ಕಾರ್ಡು ಮಾಡಿಸಿದಳು. ಹತ್ತು ಸಲ ಬಂದವರ ನಾಯಿಗೆ ಒಂದು ಸ್ನಾನ ಪುಕ್ಕಟೆ. ಒಬ್ಬ ಗಿರಾಕಿಯ ಮನೆ ಚಿಕ್ಕದೆಂದು ತಿಳಿದು ಅವನಿಗೆ ದೊಡ್ಡ ಜಾತಿಯ ನಾಯಿಮರಿ ಮಾರುವುದಿಲ್ಲ ಎಂದುಬಿಟ್ಟಳು. ಮಗ ಎರಡು ದಿನ ಅವಳ ಜೊತೆ ಮಾತು ಬಿಟ್ಟ. ಮುಂದಿನ ತಿಂಗಳು ಅದೇ ಗಿರಾಕಿ ತನ್ನ ಅಕ್ಕ ಭಾವನನ್ನು ಕರೆದುಕೊಂಡು ಬಂದ.

ಊರಿಗೆ ಹೋಗುವ ಖಾಯಂ ಗಿರಾಕಿಗಳ ಪ್ರಾಣಿಗಳನ್ನು ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳುವುದೂ ಅವಳದೇ ಆಲೋಚನೆ.

"ಪುಕ್ಕಟೆ ಚಾಕರಿ. ಇದ್ರಲ್ಲಿ ಏನು ಬಂತು?" ಎಂದು ನರ್ಸಮ್ಮ ಮೂಗು ಮುರಿದಿದ್ದರು.

"ಮಕ್ಕಳ ಥರ ಸಾಕಿರೋದನ್ನ ನಮ್ಮನ್ನ ನಂಬಿ ಬಿಟ್ಟು ಹೋಗ್ತಾರೆ ಅತ್ತೆ. ಅಂಥವರು ಒಂದು ಚೀಲಕ್ಕೋಸ್ಕರ ಬೇರೆ ಕಡೆ ಹೋಗ್ತಾರಾ?"

ಅವಳು ಹೇಳಿದ್ದು ಸುಳ್ಳಾಗಲಿಲ್ಲ. ಆರೇ ತಿಂಗಳಲ್ಲಿ ಅಂಗಡಿಯ ಮುಂದೆ ಮತ್ತೆ ಜನ ನಿಲ್ಲತೊಡಗಿದರು.

ಅವರಲ್ಲಿ ಅರ್ಧ ಜನ ಬಂದದ್ದು ಟೈಲರಮ್ಮನ ಬಾಯಿಂದ. ಆಕೆ ಹಿಂದಿನ ಬೀದಿಯಲ್ಲಿ ಒಂಟಿಯಾಗಿದ್ದುಕೊಂಡು ಬಟ್ಟೆ ಹೊಲಿಯುವವರು. ಅಳತೆ ಕೊಡಲು ನಿಂತವರಿಗೆ ಟೇಪು ಸುತ್ತುತ್ತಲೇ, "ನಾಯಿ ಇದೆಯಾ? ಬೆಕ್ಕು? ಹಾಗಾದ್ರೆ ತಿರುವಿನ ಅಂಗಡಿಗೆ ಹೋಗಿ, ಆ ಹುಡುಗಿ ಚಿನ್ನದಂಥವಳು," ಎನ್ನುತ್ತಿದ್ದರು. ಟೈಲರಮ್ಮನ ಹತ್ತಿರ ಬೂದು ಮೈಯ, ಹಳದಿ ಜುಟ್ಟಿನ, ಕೆಂಪು ಕೆನ್ನೆಯ ಒಂದು ಹಕ್ಕಿ ಇತ್ತು. ಹೆಸರು ಬಟನ್. ಆಕೆಯ ಗಂಡ ಸಂಜೆ ಆರಕ್ಕೆ ಕೆಲಸದಿಂದ ಬಂದಾಗ ಗೇಟಿನಿಂದಲೇ ಎರಡು ಸಲ ಸೀಟಿ ಹೊಡೆಯುತ್ತಿದ್ದರಂತೆ. ಅದು ಹಾಗೇ ಕಲಿತುಕೊಂಡಿತ್ತು. ಅವರು ತೀರಿಕೊಂಡು ಮೂರು ವರ್ಷವಾದರೂ ಬಟನ್ ಸಂಜೆ ಆರಕ್ಕೆ ಅದೇ ಸೀಟಿ ಹೊಡೆಯುತ್ತಿತ್ತು. "ಈಗ್ಲೂ ಕೇಳಿದ ಕೂಡ್ಲೇ ಎದ್ದು ಟೀಗೆ ನೀರು ಇಟ್ಬಿಡ್ತೀನಿ," ಎಂದು ಟೈಲರಮ್ಮ ನಗುತ್ತಿದ್ದರು.

ಟೈಲರಮ್ಮ ಕಣ್ಣಿನ ಆಪರೇಷನ್ನಿಗೆಂದು ತಂಗಿಯ ಮನೆಗೆ ಹೊರಟಾಗ ಬಟನ್ ಹತ್ತು ದಿನಕ್ಕೆ ಈ ಮನೆಗೆ ಬಂತು.

ಹೊಸ ಜಾಗಕ್ಕೆ ಬಂದದ್ದಕ್ಕೋ ಏನೋ, ಅದು ಆರು ಗಂಟೆಗೆ ಮಾತ್ರವಲ್ಲ, ದಿನವಿಡೀ ಸೀಟಿ ಹೊಡೆಯಿತು. ಹಗಲು ಮನೆಯಲ್ಲಿರುವವರು ನರ್ಸಮ್ಮ ಒಬ್ಬರೇ. ಆರನೆಯ ದಿನ ಸೊಸೆ ಬೆಳಿಗ್ಗೆ ಎಂದಿನಂತೆ ಬಟ್ಟಲಿಗೆ ನೀರು, ಡಬ್ಬಿಗೆ ಕಾಳು ತುಂಬಿ ಅಂಗಡಿಗೆ ಹೋದಳು. ನರ್ಸಮ್ಮನಿಗೆ ಹಿಂದಿನ ದಿನದಿಂದಲೇ ತಲೆ ಸಿಡಿಯುತ್ತಿತ್ತು. ಪಂಜರಕ್ಕೆ ಟವೆಲ್ ಹೊದಿಸಿದರು. ಅದು ಟವೆಲಿನೊಳಗಿಂದಲೇ ಸೀಟಿ ಹೊಡೆಯಿತು. ಹನ್ನೊಂದರ ಸುಮಾರಿಗೆ ಟವೆಲ್ ಕಿತ್ತು, ಪಂಜರ ಎತ್ತಿ ಬಾಲ್ಕನಿಯಲ್ಲಿಟ್ಟು ಬಾಗಿಲು ಹಾಕಿಕೊಂಡರು. ಆಗ ಅಲ್ಲಿ ನೆರಳಿತ್ತು. ಅರ್ಧ ಗಂಟೆ ಅಷ್ಟೇ ಅಂದುಕೊಂಡು ಮಾತ್ರೆ ನುಂಗಿ ಮಲಗಿದರು.

ಎಚ್ಚರವಾದಾಗ ಎರಡೂವರೆ. ಮನೆ ನಿಶ್ಶಬ್ದವಾಗಿತ್ತು. ಆ ನಿಶ್ಶಬ್ದ ಹಿತವಾಗಿ ಕಂಡು ಇನ್ನೂ ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡೇ ಇದ್ದರು. ಮುಂದೆ ಎಷ್ಟೋ ದಿನ ಅವರನ್ನು ಚುಚ್ಚಿದ್ದು ಹಾಗೆ ಹಿತವಾಗಿ ಮಲಗಿದ್ದ ಆ ಸ್ವಲ್ಪ ಹೊತ್ತು.

ಬಿಸಿಲು ಬಾಲ್ಕನಿಯ ಗೋಡೆಯವರೆಗೂ ಬಂದಿತ್ತು. ಪಂಜರದ ಕಂಬಿ ಮುಟ್ಟಿದರೆ ಕೈ ಚುರುಕ್ಕೆಂದಿತು. ಬಟನ್ ತಳದಲ್ಲಿ ಮಗ್ಗುಲಾಗಿ, ಒಂದು ರೆಕ್ಕೆ ಬಿಚ್ಚಿ, ಕೊಕ್ಕು ತೆರೆದುಕೊಂಡು ಬಿದ್ದಿತ್ತು. ನೀರಿನ ಬಟ್ಟಲು ಮಗುಚಿತ್ತು.

ನರ್ಸಮ್ಮನ ಕೈಗಳು ತಮ್ಮಷ್ಟಕ್ಕೆ ತಾವೇ ಕೆಲಸ ಮಾಡಿದವು. ಜೀವ ಹೋದ ಮೇಲೆ ಸುತ್ತಮುತ್ತ ಚೊಕ್ಕಟ ಮಾಡುವುದು ಆ ಕೈಗಳಿಗೆ ಮೂವತ್ತೊಂದು ವರ್ಷದ ಅಭ್ಯಾಸ. ಪಂಜರವನ್ನು ಒಳಗೆ ತಂದು ಮೇಜಿನ ಮೇಲಿಟ್ಟರು. ಬಟ್ಟಲನ್ನು ನೆಟ್ಟಗೆ ಮಾಡಿ ಕೊಕ್ಕೆಗೆ ಸಿಕ್ಕಿಸಿದರು. ಬಾಲ್ಕನಿಯಲ್ಲಿ ಚೆಲ್ಲಿದ್ದ ಕಾಳು ಗುಡಿಸಿದರು. ಸೊಸೆ ಬಂದ ಕೂಡಲೇ ಹೇಳಿಬಿಡಬೇಕೆಂದು ಕುರ್ಚಿಯಲ್ಲಿ ಕೂತರು.

ಸೊಸೆ ನಾಲ್ಕು ಗಂಟೆಗೆ ಬಂದಳು. ಚಪ್ಪಲಿ ಬಿಡುತ್ತಲೇ ಪಂಜರದ ಕಡೆ ನೋಡಿದಳು, ಹತ್ತಿರ ಹೋದಳು, ಬಟ್ಟಲಿಗೆ ಬೆರಳು ಹಾಕಿದಳು. ಒಣಗಿತ್ತು.

"ಅತ್ತೆ," ಎಂದಳು. "ನಾನು ಬೆಳಿಗ್ಗೆ ನೀರು ಹಾಕಿದ್ನಾ? ನೀವು ನೋಡಿದ್ರಾ?"

ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಹೊರಗೆ ಬಂದದ್ದು ಬೇರೆ.

"ನಾನು ಗಮನಿಸ್ಲಿಲ್ಲಮ್ಮ," ಎಂದರು ನರ್ಸಮ್ಮ.

ಅವತ್ತು ಊಟಕ್ಕೆ ಕೂತಾಗ ಗಂಡ ಹೆಂಡತಿಗೆ ಜಗಳವಾಯಿತು.

"ಅದೇ ಬಣ್ಣದ್ದು ಇನ್ನೊಂದು ತರ್ತೀನಿ," ಎಂದ ಮಗ. "ಅವರಿಗೆ ಈಗ ತಾನೇ ಕಣ್ಣಿನ ಆಪರೇಷನ್ ಆಗಿದೆ. ಎಲ್ಲಿ ಗೊತ್ತಾಗುತ್ತೆ?"

"ಕಣ್ಣಿಗೆ ಗೊತ್ತಾಗದೇ ಇದ್ರೂ ಕಿವಿಗೆ ಗೊತ್ತಾಗುತ್ತೆ. ಹೊಸದಕ್ಕೆ ಆ ಸೀಟಿ ಯಾರು ಕಲಿಸ್ತಾರೆ?"

"ಹಾಗಾದ್ರೆ ವಯಸ್ಸಾಗಿತ್ತು, ಹೋಯ್ತು ಅನ್ನು. ಹಕ್ಕಿ ತಾನೆ. ಅಮ್ಮ, ನೀನೇ ಹೇಳು ಇವಳಿಗೆ."

ನರ್ಸಮ್ಮ ಅನ್ನ ಕಲಸುತ್ತಲೇ, "ಅವನು ಹೇಳೋದ್ರಲ್ಲೂ ಅರ್ಥ ಇದೆ," ಎಂದರು. "ಸುಮ್ನೆ ಯಾಕೆ ಮೈಮೇಲೆ ಎಳ್ಕೋತೀಯ?"

ಸೊಸೆ ಅವರನ್ನೇ ನೋಡಿದಳು. "ನೀವೇ ಹೀಗಂದ್ರೆ ಹೇಗೆ ಅತ್ತೆ? ತಪ್ಪಾದ ಕೂಡ್ಲೇ ಹೇಳ್ಬೇಕು ಅಂತ ಈ ಮನೇಲಿ ಯಾರು ಹೇಳ್ತಿದ್ದದ್ದು?"

ನರ್ಸಮ್ಮ ನೀರಿನ ಲೋಟ ಎತ್ತಿ ಕುಡಿದರು.

ಟೈಲರಮ್ಮ ಕಪ್ಪು ಕನ್ನಡಕ ಹಾಕಿಕೊಂಡು ಬಂದ ದಿನ ಸೊಸೆ, "ನೀವೂ ಅಂಗಡಿಗೆ ಬನ್ನಿ ಅತ್ತೆ, ನನಗೊಬ್ಬಳಿಗೆ ಧೈರ್ಯ ಸಾಲಲ್ಲ," ಎಂದಳು. ನರ್ಸಮ್ಮ ಹೋಗಿ ಮೀನಿನ ತೊಟ್ಟಿಗಳ ಪಕ್ಕ ನಿಂತರು. ಸೊಸೆ ಸುತ್ತಿ ಬಳಸದೆ ಹೇಳಿದಳು. ನೀರು ಹಾಕಲು ಮರೆತೆ, ಬಿಸಿಲು ಜಾಸ್ತಿ ಇತ್ತು, ತಪ್ಪು ನನ್ನದು.

ಟೈಲರಮ್ಮ ಬೈಯಲಿಲ್ಲ. ಕೌಂಟರಿನ ಅಂಚು ಹಿಡಿದುಕೊಂಡು, "ಹಾಗಾದ್ರೆ ಬಾಯಾರ್ಕೊಂಡು ಸತ್ತಿದೆ," ಎಂದರು. ಆಮೇಲೆ, "ಪಂಜರ ಕೊಡು. ಅದು ನಮ್ಮೆಜಮಾನರು ಕೈಯಾರೆ ಮಾಡಿದ್ದು," ಎಂದು ಖಾಲಿ ಪಂಜರ ಹಿಡಿದುಕೊಂಡು ಹೋದರು. ಮರುದಿನದಿಂದ ಅವರು ತರಕಾರಿಗೆ ಹೋಗುವಾಗ ರಸ್ತೆಯ ಆಚೆ ಬದಿಯಲ್ಲಿ ನಡೆಯತೊಡಗಿದರು.

ಆಕೆ ಬೇಕೆಂದು ಯಾರಿಗೂ ಚಾಡಿ ಹೇಳಲಿಲ್ಲ. ಹಕ್ಕಿ ಎಲ್ಲಿ ಎಂದು ಕೇಳಿದವರಿಗೆ ಇದ್ದದ್ದು ಇದ್ದಂತೆ ಹೇಳಿದರು. ಅಷ್ಟೇ ಸಾಕಾಯಿತು. ಮೊಲದವರು ಫೋನು ಮಾಡಿ ಈ ಸಲ ಪಕ್ಕದ ಮನೆಯವರೇ ನೋಡಿಕೊಳ್ಳುತ್ತಾರಂತೆ ಎಂದರು. ಮುದಿ ಬೆಕ್ಕಿನವರು ಫೋನನ್ನೂ ಮಾಡಲಿಲ್ಲ. ಶನಿವಾರ ಸೊಸೆ ಉಗುರು ಕತ್ತರಿಸುವ ಸಾಮಾನು ತೊಳೆದಿಟ್ಟುಕೊಂಡು ಮಧ್ಯಾಹ್ನದವರೆಗೆ ಕಾದರೆ ಬಂದದ್ದು ಒಂದೇ ನಾಯಿ.

"ಸತ್ಯ ಹೇಳಿ ಏನು ಗಿಟ್ಟಿಸ್ಕೊಂಡೆ?" ಎಂದ ಮಗ.

ಸೊಸೆ ತೊಳೆದಿಟ್ಟ ಸಾಮಾನನ್ನು ಮತ್ತೆ ಡಬ್ಬಿಗೆ ತುಂಬಿದಳು. ಮೊದಲಾಗಿದ್ದರೆ ಒಂದಕ್ಕೆ ಎರಡು ಹೇಳುತ್ತಿದ್ದಳು.

ನರ್ಸಮ್ಮ ಕೆಲಸಕ್ಕೆ ಬಿದ್ದರು. ಸೊಸೆ ಏಳುವ ಮೊದಲೇ ಎದ್ದು ಅಡುಗೆ ಮಾಡಿಟ್ಟರು. ಬಟ್ಟೆ ಒಗೆದರು, ಮೊಮ್ಮಗಳ ತಲೆ ಬಾಚಿದರು, ಯಾರೂ ಹೇಳದಿದ್ದರೂ ಅಂಗಡಿಗೆ ಹೋಗಿ ಖಾಲಿ ಪಂಜರಗಳನ್ನು ತಿಕ್ಕಿದರು. "ಅಮ್ಮ ಎಷ್ಟು ಬದಲಾಗಿದ್ದಾಳೆ ನೋಡು," ಎಂದು ಮಗ ಮೆಚ್ಚಿಕೊಂಡ. ಸೊಸೆ ತನ್ನ ಅಕ್ಕನ ಜೊತೆ ಫೋನಿನಲ್ಲಿ, "ಅತ್ತೆ ಒಂದು ಮಾತೂ ಆಡ್ಲಿಲ್ಲ ಕಣೇ. ಅವರಿಲ್ದಿದ್ರೆ ನಾನೇನಾಗ್ತಿದ್ನೋ," ಎನ್ನುವುದು ಒಳಗೆ ಪಾತ್ರೆ ತೊಳೆಯುತ್ತಿದ್ದ ನರ್ಸಮ್ಮನಿಗೆ ಕೇಳಿಸಿತು. ಅವರು ನಲ್ಲಿಯನ್ನು ಇನ್ನಷ್ಟು ಜೋರಾಗಿ ಬಿಟ್ಟರು.

ನೀರು ಹಾಕಿದೆನೋ ಇಲ್ಲವೋ ಎಂಬ ಒಂದು ಅನುಮಾನ ಸೊಸೆಯಲ್ಲಿ ನೂರು ಅನುಮಾನವಾಗಿ ಬೆಳೆಯಿತು. ಫೋನು ಗಂಟೆಗೊಮ್ಮೆ ಕೂಗಿ ಅವಳಿಗೆ ಕೆಲಸ ನೆನಪಿಸತೊಡಗಿತು. ಅಂಗಡಿಗೆ ಹೊರಟವಳು ತಿರುವಿನಿಂದ ವಾಪಸ್ಸು ಬಂದು ಒಲೆ ಆರಿದೆಯೇ ಎಂದು ನೋಡುತ್ತಿದ್ದಳು. ಮಗಳ ಊಟದ ಡಬ್ಬಿಯನ್ನು ತುಂಬಿ, ಮುಚ್ಚಿ, ಮತ್ತೆ ತೆರೆದು ನೋಡುತ್ತಿದ್ದಳು.

"ಗ್ಯಾಸ್ ಆಫ್ ಮಾಡಿದ್ಯಾ?" ಎಂದ ಮಗ ಒಂದು ಬೆಳಿಗ್ಗೆ. "ಇಲ್ಲಾ ಅದೂ ಹಕ್ಕಿ ಕಥೆಯೇನಾ?"

"ಅಪ್ಪ, ಹಾಗನ್ಬೇಡ," ಎಂದಳು ಮೊಮ್ಮಗಳು, ಶೂಸಿನ ದಾರ ಕಟ್ಟುತ್ತಾ.

ನಾಲ್ಕು ವಾರವಾಗಿತ್ತು. ಒಂದು ಭಾನುವಾರ ಅತ್ತೆ ಸೊಸೆ ಎದುರುಬದುರು ಕೂತು ಬಟಾಣಿ ಸುಲಿಯುತ್ತಿದ್ದರು.

"ಅತ್ತೆ, ನೀವು ಆಸ್ಪತ್ರೇಲಿ ಇದ್ದವರು. ಒಂದು ಮಾತು ಕೇಳ್ಲಾ?" ಎಂದಳು ಸೊಸೆ. "ನಮ್ಮಮ್ಮನಿಗೆ ಮರೆವು ಶುರುವಾದಾಗ ಐವತ್ತೆರಡು. ಮೊದ್ಲು ಒಲೆ, ಆಮೇಲೆ ಬೀಗ, ಆಮೇಲೆ ನಮ್ಮ ಹೆಸರು. ನನಗಿನ್ನೂ ಮೂವತ್ತೆಂಟು. ಇಷ್ಟು ಬೇಗ ಬರುತ್ತಾ?"

ನರ್ಸಮ್ಮ ಬುಟ್ಟಿಯಿಂದ ಇನ್ನೊಂದು ಹಿಡಿ ಬಟಾಣಿ ತೆಗೆದುಕೊಂಡರು. "ಅದೇನು ಮಾತು? ಒಂದ್ಸಲ ಏನೋ..."

"ಮರೆತಿದ್ರೆ ಪರವಾಗಿಲ್ಲ ಅತ್ತೆ. ನನಗೆ ನೀರು ಹಾಕಿದ ಹಾಗೇ ನೆನಪು. ನಲ್ಲಿ ತಿರುಗಿಸಿದ್ದು, ಬಟ್ಟಲು ಕೈಗೆ ತಣ್ಣಗೆ ತಾಗಿದ್ದು, ಅದು ಬಂದು ಕೊಕ್ಕು ಅದ್ದಿದ್ದು, ಎಲ್ಲಾ. ಆಗದೇ ಇರೋದು ಆದ ಹಾಗೆ ನೆನಪಾಗುತ್ತೆ ಅಂದ್ರೆ ಅದು ಇನ್ನೂ ಕೆಟ್ಟದ್ದಲ್ವಾ?"

ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಮನೆಯಲ್ಲಿ ಇಬ್ಬರೇ, ಮಧ್ಯೆ ಒಂದು ಬುಟ್ಟಿ ಬಟಾಣಿ. "ನೀನು ದಣಿದಿದ್ದೀಯ, ನಿದ್ದೆ ಸಾಲ್ತಿಲ್ಲ," ಎಂದರು ನರ್ಸಮ್ಮ. ಸುಲಿದ ಕಾಳನ್ನು ಸಿಪ್ಪೆಯ ರಾಶಿಗೆ ಹಾಕುತ್ತಿದ್ದೇನೆಂದು ಅವರಿಗೆ ತಿಳಿದದ್ದು ಸೊಸೆ ಅದನ್ನು ಆರಿಸತೊಡಗಿದಾಗಲೇ.

ಮರುದಿನ ಮಧ್ಯಾಹ್ನ ಸೊಸೆ ಚೀಲ ತಲುಪಿಸಲು ಹೋದ ಹೊತ್ತು ನೋಡಿ ನರ್ಸಮ್ಮ ಅಂಗಡಿಗೆ ಹೋದರು. ಮಗ ತೊಟ್ಟಿಯ ನೀರು ಬದಲಿಸುತ್ತಿದ್ದ. ಅವನ ಬೆನ್ನಿಗೇ ಎಲ್ಲವನ್ನೂ ಹೇಳಿದರು. ಕೈಯಲ್ಲಿದ್ದ ಪೈಪು ಬಕೆಟ್ಟಿನಿಂದ ಜಾರಿ ನೆಲವೆಲ್ಲ ನೀರಾಯಿತು.

"ಯಾಕಮ್ಮ ಆಗ್ಲೇ ಹೇಳ್ಲಿಲ್ಲ?"

"ಗೊತ್ತಿಲ್ಲ ಕಣೋ."

ಅವನು ಸ್ಟೂಲಿನ ಮೇಲೆ ಕೂತ. ಪೈಪನ್ನು ಎತ್ತಿ ಮತ್ತೆ ಬಕೆಟ್ಟಿಗೆ ಇಟ್ಟು, "ಅವಳಿಗೆ ಹೇಳ್ಬೇಡ," ಎಂದ. "ಈಗ ಹೇಳಿದ್ರೆ ನೀವಿಬ್ರು ಒಂದೇ ಮನೇಲಿ ಇರೋಕಾಗಲ್ಲ. ನಾನು ಬೇರೆ ಅವಳಿಗೆ ಏನೇನೋ ಅಂದಿದ್ದೀನಿ. ಇನ್ಮೇಲೆ ಅನ್ನಲ್ಲ, ಚೆನ್ನಾಗಿ ನೋಡ್ಕೋತೀನಿ. ದಿನ ಕಳೆದ್ರೆ ತಾನಾಗೇ ಮರೀತಾಳೆ."

ನರ್ಸಮ್ಮನಿಗೆ ಹಗುರವಾಯಿತು. ಹಗುರವಾದದ್ದಕ್ಕೆ ನಾಚಿಕೆಯೂ ಆಯಿತು. ಆದರೂ ಎರಡು ದಿನ ಚೆನ್ನಾಗಿ ಊಟ ಮಾಡಿದರು. ಮಗ ಹೆಂಡತಿಗೆ ಹೊಸ ಚಪ್ಪಲಿ ತಂದುಕೊಟ್ಟ. ಅವಳು ಅದನ್ನು ತಿರುಗಿಸಿ ನೋಡಿ, "ನನ್ನ ಮೇಲೆ ಕನಿಕರ ಶುರುವಾಯ್ತಾ?" ಎಂದಳು.

ಮುಂದಿನ ವಾರ ಅವಳು ತಾನೇ ಆಸ್ಪತ್ರೆಗೆ ಹೆಸರು ಬರೆಸಿ ಬಂದಳು. ಮಗ ತಾಯಿಯ ಮುಖ ನೋಡಿದ, ತಾಯಿ ಮಗನ ಮುಖ ನೋಡಿದರು. "ತೋರಿಸ್ಕೊಂಡು ಬಂದ್ರೆ ಅವಳಿಗೂ ಸಮಾಧಾನ," ಎಂದ ಮಗ ಮೆಲ್ಲಗೆ. "ಏನೂ ಇಲ್ಲ ಅಂತಾರೆ, ಮುಗೀತು. ನೀನು ಜೊತೆಗೆ ಹೋಗಿ ಬಾ."

ನರ್ಸಮ್ಮ ದುಡಿದಿದ್ದ ಆಸ್ಪತ್ರೆಯೇ. ಫಿನಾಯಿಲ್ ವಾಸನೆ ಹಾಗೇ ಇತ್ತು, ಬೆಂಚುಗಳು ಮಾತ್ರ ಹೊಸವು. ಎರಡು ಗಂಟೆ ಕಾದ ಮೇಲೆ ಕರೆದರು. ಡಾಕ್ಟರು ಮೊಮ್ಮಗಳ ಟೀಚರಷ್ಟು ಚಿಕ್ಕ ವಯಸ್ಸಿನವಳು. ಹಾಳೆ ಎಳೆದುಕೊಂಡು, "ಮೊದಲು ಯಾವಾಗ ಮರೆವು ಅನ್ನಿಸ್ತು? ಏನಾಯ್ತು, ನಿಧಾನಕ್ಕೆ ಹೇಳಿ," ಎಂದಳು.

ಸೊಸೆ ಬಟ್ಟಲಿನ ವಿಷಯ ಹೇಳಿದಳು. ಡಾಕ್ಟರು ಬರೆದುಕೊಂಡಳು. ಸೊಸೆ ತನ್ನ ತಾಯಿಯ ವಿಷಯ ಹೇಳಿದಳು. ಅದನ್ನೂ ಬರೆದುಕೊಂಡು ಕೆಳಗೊಂದು ಗೆರೆ ಎಳೆದಳು. "ಮನೇಲಿ ಅಂಥ ಕಾಯಿಲೆ ಇರೋದ್ರಿಂದ ತಲೆಯ ಸ್ಕ್ಯಾನ್ ಮಾಡಿಸೋಣ," ಎಂದಳು.

ಸೊಸೆ ತಲೆಯಾಡಿಸಿದಳು. ಮಡಿಲಲ್ಲಿದ್ದ ಅವಳ ಕೈ ಚೀಲದ ದಾರವನ್ನು ಸುತ್ತುತ್ತಿತ್ತು, ಬಿಚ್ಚುತ್ತಿತ್ತು.

"ಅವಳು ನೀರು ಹಾಕಿದ್ಲು," ಎಂದರು ನರ್ಸಮ್ಮ.

ಡಾಕ್ಟರು ತಲೆ ಎತ್ತಿದಳು.

"ಬಟ್ಟಲು ತುಂಬಿತ್ತು ಡಾಕ್ಟ್ರೇ. ಇವಳ ನೆನಪಿಗೆ ಏನೂ ಆಗಿಲ್ಲ. ಪಂಜರ ಬಿಸಿಲಿಗೆ ಇಟ್ಟಿದ್ದು ನಾನು. ಮಲಗಿ ಮರೆತಿದ್ದು ನಾನು. ಹಕ್ಕಿ ಒದ್ದಾಡಿ ಬಟ್ಟಲು ಮಗುಚಿತ್ತು. ನಾನು ಅದನ್ನ ನೆಟ್ಟಗಿಟ್ಟು ಸುಮ್ಮನಾದೆ. ನೀವು ಬರೆದಿರೋದನ್ನ ಹೊಡೆದುಹಾಕಿ."

ಡಾಕ್ಟರ ಪೆನ್ನು ನಿಂತಿತು. ಸೊಸೆ ಅತ್ತೆಯ ಕಡೆ ತಿರುಗಲೇ ಇಲ್ಲ. ಎದುರಿನ ಗೋಡೆಯನ್ನೇ ನೋಡುತ್ತಾ, "ಇವತ್ತು ಬ್ರಶ್ ಮಾಡಿದ್ದು, ಮಗಳಿಗೆ ಡಬ್ಬಿ ಕಟ್ಟಿದ್ದು, ಇದೆಲ್ಲಾ ಹಾಗಾದ್ರೆ ನಿಜವಾಗ್ಲೂ ಮಾಡಿದ್ದೀನಿ," ಎಂದಳು. ಎದ್ದು ಹೊರಗೆ ಹೋದಳು.

ನರ್ಸಮ್ಮ ಹಿಂದೆಯೇ ಹೋದರು. ಅವಳು ಕಾರಿಡಾರಿನ ಬೆಂಚಿನಲ್ಲಿ ಕೂತಿದ್ದಳು.

"ಎಷ್ಟು ಹೊತ್ತಿಗೆ ಹೊರಗಿಟ್ರಿ?"

"ಹನ್ನೊಂದಕ್ಕೆ."

"ಒಳಗೆ ತಂದಿದ್ದು?"

"ಎರಡೂವರೆಗೆ."

"ಬಟ್ಟಲು ತುಂಬಿತ್ತು."

"ತುಂಬಿತ್ತು."

"ಇನ್ನೊಂದ್ಸಲ ಹೇಳಿ."

"ನೀನು ಹಾಕಿದ ನೀರು ಬಟ್ಟಲಿನ ತುಂಬ ಇತ್ತು ಕಣಮ್ಮ."

ಸೊಸೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಎದುರು ಸಾಲಿನಲ್ಲಿದ್ದವರು ಕಷ್ಟದ ಸುದ್ದಿ ಬಂದಿರಬೇಕೆಂದು ಬೇರೆ ಕಡೆ ನೋಡಿದರು. ಸ್ವಲ್ಪ ಹೊತ್ತಿನ ಮೇಲೆ ಕೈ ತೆಗೆದು ಅವಳು ಕೇಳಿದಳು, "ಇನ್ಯಾರಿಗೆ ಗೊತ್ತು?"

ನರ್ಸಮ್ಮ ತಡವರಿಸಿದರು. ಆಮೇಲೆ ಮಗನಿಗೆ ಹೇಳಿದ್ದನ್ನೂ ಹೇಳಿದರು. ಬಸ್ಸಿನಲ್ಲಿ ಸೊಸೆ ಮುಂದಿನ ಸೀಟಿನಲ್ಲಿ ಕೂತಳು, ಅತ್ತೆ ಹಿಂದಿನದರಲ್ಲಿ.

ಸಂಜೆ ಮಗ ಬರುವ ಹೊತ್ತಿಗೆ ಅವಳು ಅಡುಗೆಮನೆಯಲ್ಲಿ ನಿಂತೇ ಇದ್ದಳು.

"ಅಮ್ಮನಿಗೋಸ್ಕರ ಸುಮ್ಮನಿದ್ದೆ," ಎಂದ ಅವನು.

"ಅಮ್ಮನಿಗೋಸ್ಕರ ಅಲ್ಲ. ನನಗೆ ಬೈದಿದ್ದು ತಪ್ಪು ಅಂತ ನೀವು ಒಪ್ಕೋಬೇಕಾಗ್ತಿತ್ತಲ್ಲ, ಅದಕ್ಕೆ."

"ನಾನು ಚೆನ್ನಾಗಿ ನೋಡ್ಕೊಳ್ಲಿಲ್ವಾ ಆಮೇಲೆ?"

"ನೋಡ್ಕೊಂಡ್ರಿ. ಒಂದು ವಾರ ನನ್ನ ತಲೆ ಕೆಡ್ತಿದೆ ಅಂತ ನಾನು ನಂಬ್ಕೊಂಡಿದ್ದನ್ನ ಚೆನ್ನಾಗಿ ನೋಡ್ಕೊಂಡು ಕೂತಿದ್ರಿ."

ಅವಳು ಎಲ್ಲರಿಗೂ ಬಡಿಸಿದಳು. ನರ್ಸಮ್ಮನ ತಟ್ಟೆಗೂ ಬಡಿಸಿದಳು, ಎಂದಿನಷ್ಟೇ. ಬೈದಿದ್ದರೆ ಎಷ್ಟೋ ವಾಸಿಯಿತ್ತು. "ಟೈಲರಮ್ಮನಿಗೆ ನೀವೇ ಹೇಳ್ಬೇಕು," ಎಂದಷ್ಟೇ ಹೇಳಿ, ತನ್ನ ತಟ್ಟೆ ತೆಗೆದುಕೊಂಡು ಮಗಳ ಕೋಣೆಗೆ ಹೋದಳು.

ಬೆಳಿಗ್ಗೆ ನರ್ಸಮ್ಮ ಹಿಂದಿನ ಬೀದಿಗೆ ಹೋದರು. ಟೈಲರಮ್ಮ ಮಿಷನ್ನಿನ ಮುಂದೆ ಕೂತು ಶಾಲೆಯ ಅಂಗಿಗೆ ಕಾಲರ್ ಹಚ್ಚುತ್ತಿದ್ದರು. ಖಾಲಿ ಪಂಜರ ಕಿಟಕಿಯಲ್ಲಿ ತೂಗುತ್ತಿತ್ತು. ನರ್ಸಮ್ಮ ಕೂರದೆ, ನಿಂತೇ ಹೇಳಿದರು. ಕೇಳುತ್ತಾ ಕೇಳುತ್ತಾ ಟೈಲರಮ್ಮನ ಕಾಲು ಮಿಷನ್ನಿನ ಮೇಲೆ ನಿಂತುಹೋಯಿತು.

"ಆ ಹುಡುಗಿ ಎದುರಿಗೆ ಬಂದ್ರೆ ನಾನು ರಸ್ತೆ ದಾಟ್ತಿದ್ದೆ," ಎಂದರು. "ಅವಳು ಎರಡು ಸಲ ಕೈ ಎತ್ತಿದ್ಲು, ನೋಡದ ಹಾಗೆ ಹೋದೆ. ಇದೇ ಕೋಣೇಲಿ ಹತ್ತು ಹನ್ನೆರಡು ಜನಕ್ಕೆ ಹೇಳಿದ್ದೀನಿ, ನೀರು ಹಾಕದೆ ಕೊಂದ್ಲು ಅಂತ."

"ತಪ್ಪು ನನ್ನದು."

"ನಿಮ್ಮದೇ. ಅದರಲ್ಲಿ ನನಗೂ ಪಾಲು ಕೊಟ್ರಲ್ಲ." ಟೈಲರಮ್ಮ ಅಂಗಿಯನ್ನು ಮಡಚಿಟ್ಟು ಎದ್ದರು, ಚಪ್ಪಲಿ ಹುಡುಕಿ ಹಾಕಿಕೊಂಡರು. "ನಡೀರಿ."

"ಎಲ್ಲಿಗೆ?"

"ನಾನು ಹೇಳಿದ ಮನೆಗಳಿಗೆಲ್ಲ. ಬಾಗಿಲು ತಟ್ಟೋದು ನಾನು, ಹೇಳೋದು ನೀವು."

ಅವತ್ತು ಅವರು ಏಳು ಮನೆ ಹತ್ತಿ ಇಳಿದರು. ಒಂದು ಮನೆಯಲ್ಲಿ ಕುರ್ಚಿ ಕೊಟ್ಟು ನೀರು ಕೊಟ್ಟರು. ಒಂದು ಮನೆಯಲ್ಲಿ, "ಅದಕ್ಕೇನಂತೆ, ಹಕ್ಕಿ ತಾನೆ," ಎಂದರು. ಆಗ ಟೈಲರಮ್ಮನ ಮುಖ ನೋಡಲಾಗದೆ ನರ್ಸಮ್ಮ ಮೆಟ್ಟಿಲು ಇಳಿದುಬಿಟ್ಟರು. ಮುದಿ ಬೆಕ್ಕಿನ ಮನೆಯಾಕೆ ಬಾಗಿಲ ಸಂದಿಯಿಂದಲೇ ಕೇಳಿ, "ಇಷ್ಟು ದಿನ ಆ ಸೊಸೆ ಎದುರಿಗೇ ಕೂತು ಊಟ ಮಾಡಿದ್ರಾ?" ಎಂದರು.

"ಮಾಡಿದೆ," ಎಂದರು ನರ್ಸಮ್ಮ.

ಉಳಿದ ಮನೆಗಳನ್ನು ಮರುದಿನ ಮುಗಿಸಿದರು.

ಟೈಲರಮ್ಮ ಅಂಗಡಿಗೂ ಬಂದರು. ಕೌಂಟರಿನ ಮೇಲೆ ಸೊಸೆಯ ಕೈ ಹಿಡಿದು ಏನೋ ಹೇಳಿದರು. ಮಗ ತೊಟ್ಟಿಗಳ ಹಿಂದೆ ಸರಿದುಕೊಂಡದ್ದರಿಂದ ಅದೇನೆಂದು ಅವನಿಗೂ ಕೇಳಿಸಲಿಲ್ಲ. ಬೇರೆ ಹಕ್ಕಿ ತಂದುಕೊಡುತ್ತೇನೆಂದು ಸೊಸೆ ಅಂದಾಗ ಮಾತ್ರ, "ಬೇಡಮ್ಮ, ಇನ್ನು ಬೇಡ," ಎಂದು ಗಟ್ಟಿಯಾಗಿ ಹೇಳಿದರಂತೆ.

ಜನ ಒಮ್ಮೆಗೇ ವಾಪಸ್ಸು ಬರಲಿಲ್ಲ. ಶನಿವಾರಕ್ಕೆ ಮೂರು ನಾಯಿ ಬಂದವು, ಮುಂದಿನ ಶನಿವಾರಕ್ಕೆ ಐದು. ಕೆಲವರು ಬರಲೇ ಇಲ್ಲ. ಸೊಸೆಯ ಫೋನು ಗಂಟೆಗೊಮ್ಮೆ ಕೂಗುವುದು ನಿಂತಿತು. ಗಂಡನ ಜೊತೆ ಅಂಗಡಿಯ ವಿಷಯಕ್ಕೆ ಮಾತ್ರ ಮಾತಾಡುತ್ತಿದ್ದವಳು ಒಂದು ದಿನ ಅವನು ಕಾಳಿನ ಡಬ್ಬ ತಪ್ಪು ಜಾಗದಲ್ಲಿ ಇಟ್ಟದ್ದಕ್ಕೆ ಚೆನ್ನಾಗಿ ಬೈದಳು. ಅವನ ಮುಖ ಆವತ್ತು ಅರಳಿತ್ತು. ಅತ್ತೆಯ ಜೊತೆ ಮಾತು ಬಿಟ್ಟಿರಲಿಲ್ಲ. ಉಪ್ಪು ಎಲ್ಲಿದೆ, ಬಟ್ಟೆ ಒಣಗಿದೆಯಾ, ನಾಳೆ ಗ್ಯಾಸಿನವನು ಬರುತ್ತಾನೆ, ಅಷ್ಟು. ನೆನಪಿನ ವಿಷಯವಾಗಲಿ ಭಯದ ವಿಷಯವಾಗಲಿ ಮತ್ತೆ ಅವರ ಹತ್ತಿರ ಎತ್ತಲಿಲ್ಲ.

ಎರಡು ತಿಂಗಳ ಮೇಲೆ ಮೊಲದವರು ಊರಿಗೆ ಹೊರಟರು. ತಮ್ಮ ಎರಡು ಮೊಲಗಳನ್ನು, ಅವುಗಳ ಹುಲ್ಲು, ಕ್ಯಾರೆಟ್ಟಿನ ಚೀಲ ಸಮೇತ ತಂದು ಮನೆಯ ಬಾಗಿಲಲ್ಲೇ ಸೊಸೆಯ ಕೈಗೆ ಕೊಟ್ಟು ಹೋದರು. ಮೊಮ್ಮಗಳು ಕುಣಿದಾಡಿದಳು. ನರ್ಸಮ್ಮ ಹಳೆಯ ಪತ್ರಿಕೆ ಹುಡುಕಿ ಪಂಜರದ ತಳಕ್ಕೆ ಹಾಸಲು ಕೊಟ್ಟರು. ಸೊಸೆ ಇಸಿದುಕೊಂಡಳು.

ಬೆಳಿಗ್ಗೆ ಸೊಸೆ ಬಟ್ಟಲಿಗೆ ನೀರು ತುಂಬಿದಳು, ಹುಲ್ಲು ಹಾಕಿದಳು. ಆಮೇಲೆ ಪಂಜರದ ಮೇಲಿನ ಹಿಡಿಕೆ ಹಿಡಿದು ಎತ್ತಿ ನೋಡಿದಳು. ಭಾರವಿತ್ತು. ಅಂಗಡಿಯಲ್ಲಿ ಅದನ್ನಿಡಲು ಜಾಗವಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು.

"ಇಲ್ಲೇ ಬಿಟ್ಟು ಹೋಗು. ನಾನು ನೋಡ್ಕೊಳ್ತೀನಿ," ಎಂದರು ನರ್ಸಮ್ಮ. "ಕುರ್ಚಿ ಹಾಕ್ಕೊಂಡು ಪಕ್ಕದಲ್ಲೇ ಕೂತಿರ್ತೀನಿ."

ಸೊಸೆ ಸ್ವಲ್ಪ ಯೋಚಿಸಿದಳು. ಸುಮ್ಮನೆ ಹೇಳಿಬಿಡದೆ ನಿಜವಾಗಿ ಯೋಚಿಸಿದಳು ಎಂಬುದು ನರ್ಸಮ್ಮನಿಗೆ ಕಂಡಿತು.

"ಈಗ್ಲೇ ಬೇಡ ಅತ್ತೆ," ಎಂದಳು.

ಒಂದು ಕೈಯಲ್ಲಿ ಪಂಜರ, ಇನ್ನೊಂದರಲ್ಲಿ ಹುಲ್ಲಿನ ಚೀಲ, ಹೆಗಲಿಗೆ ತನ್ನ ಬ್ಯಾಗು. ಬಾಗಿಲು ತೆರೆಯಲು ಅವಳಿಗೆ ಕೈ ಇರಲಿಲ್ಲ. ನರ್ಸಮ್ಮ ಮುಂದೆ ಹೋಗಿ ಚಿಲಕ ತೆಗೆದು, ಬಾಗಿಲನ್ನು ಗೋಡೆಗೆ ಒತ್ತಿ ಹಿಡಿದು, ಪಂಜರದ ಮೂಲೆ ಎಲ್ಲೂ ತಾಗದಂತೆ ಅವಳು ಮೆಟ್ಟಿಲು ಇಳಿದು ಹೋಗುವವರೆಗೂ ಹಾಗೇ ನಿಂತಿದ್ದರು.